ಆರ್‌ಟಿಎ ಬತ್ತಿ: ಒಳಗೆ ತುಂಬಿರಲಿ, ತುದಿ ತೆಳ್ಳಗಿರಲಿ

ಇ-ಸಿಗರೇಟಿನ ಆರ್‌ಟಿಎ ಟ್ಯಾಂಕ್ (ಕಾಯಿಲ್, ಹತ್ತಿ ನಾವೇ ಹಾಕಿಕೊಳ್ಳುವ ಟ್ಯಾಂಕ್) ಹೊಸದಾಗಿ ಕಟ್ಟುವವರಿಗೆ ಒಂದು ಸಲಹೆ: ಕಾಯಿಲ್ (ಬಿಸಿಯಾಗುವ ತಂತಿ ಸುರುಳಿ) ಒಳಗೆ ಹತ್ತಿ ತುಂಬಿಕೊಂಡಿರಲಿ, ಹೊರಗಿನ ಎರಡು ತುದಿ ಮಾತ್ರ ತೆಳ್ಳಗಿರಲಿ. ಹತ್ತಿ ತೂರಿಸಿ ಎಳೆಯುವಾಗ ಸ್ವಲ್ಪ ಬಿಗಿ ಅನ್ನಿಸಬೇಕು, ಆದರೆ ಕಾಯಿಲ್ ವಾಲಬಾರದು. ತುದಿಗಳನ್ನು ಓರೆಯಾಗಿ ಕತ್ತರಿಸಿ, ಟ್ವೀಜರ್ ಮೊನೆಯಿಂದ ಬಾಚಿ, ಸಡಿಲ ಎಳೆಗಳನ್ನು ಕಿತ್ತುಬಿಡಿ. ಲಿಕ್ವಿಡ್ ಬರುವ ಕಿಂಡಿ ಹಗುರವಾಗಿ ಮುಚ್ಚಿದರೆ ಸಾಕು, ತುರುಕಬೇಡಿ. ಲಿಕ್ವಿಡ್ ಏರುವುದೇ ಎಳೆಗಳ ನಡುವಿನ ಸಣ್ಣ ಸಂದುಗಳಲ್ಲಿ, ಅಲ್ವಾ? ಒತ್ತಿದಷ್ಟೂ ಸಂದು ಮುಚ್ಚುತ್ತದೆ, ಹತ್ತಿ ಒಣಗುತ್ತದೆ, ಸುಟ್ಟ ಘಾಟು ನೇರ ಗಂಟಲಿಗೆ ಬರುತ್ತದೆ. ಹತ್ತಿ ತೀರಾ ಕಡಿಮೆಯಾದರೆ ಗಾಳಿ ತೂತಿನಿಂದ ಲಿಕ್ವಿಡ್ ಸೋರುತ್ತದೆ. ಕಲಿಯುವವರು 70 ಭಾಗ ವಿಜಿ (ವೆಜಿಟೆಬಲ್ ಗ್ಲಿಸರಿನ್), 30 ಭಾಗ ಪಿಜಿ (ಪ್ರೊಪಿಲೀನ್ ಗ್ಲೈಕಾಲ್) ಇರುವ ಲಿಕ್ವಿಡ್‌ನಿಂದ ಶುರು ಮಾಡುವುದು ಒಳ್ಳೆಯದು. ಅದು ಮಂದ, ದೊಡ್ಡ ಕಿಂಡಿಯ ಟ್ಯಾಂಕಿನಲ್ಲಿ ಸೋರುವ ಕಾಟ ಕಡಿಮೆ. 50-50 ತೆಳು, ಅದು ಸಣ್ಣ ಕಿಂಡಿಯ ಎಂಟಿಎಲ್ ಟ್ಯಾಂಕಿಗೆ (ಮೊದಲು ಬಾಯಿಗೆ ಎಳೆದು ಆಮೇಲೆ ಶ್ವಾಸಕೋಶಕ್ಕೆ ಎಳೆದುಕೊಳ್ಳುವ ಬಗೆ) ಹೊಂದುತ್ತದೆ. ದೊಡ್ಡ ಕಿಂಡಿಗೆ ಅದನ್ನೇ ಹಾಕುವುದಾದರೆ ತುದಿಯ ಹತ್ತಿ ಅಷ್ಟು ಕೀಳಬೇಡಿ. ಬಟನ್ ಒತ್ತುವ ಮೊದಲು ಹತ್ತಿ ಪೂರ್ತಿ ನೆನೆದಿರಲೇಬೇಕು. ಚಳಿಯಲ್ಲಿ ವಿಜಿ ಇನ್ನೂ ಮಂದವಾಗುತ್ತದೆ, ಆಗ ಒಳ್ಳೆಯ ಬತ್ತಿಯೂ ಹಿಂದೆ ಬೀಳುತ್ತದೆ. ಒಂದೊಂದು ಎಳೆತದ ನಡುವೆ ಬಿಡುವು ಕೊಡಿ. ಸಿಹಿ ಜಾಸ್ತಿ ಇರುವ ಲಿಕ್ವಿಡ್‌ಗೆ ಮಾತ್ರ ಈ ಬತ್ತಿಯ ಉಪಾಯ ಹೆಚ್ಚು ದಿನ ನಡೆಯುವುದಿಲ್ಲ. ಕಾಯಿಲ್ ಮೇಲೆ ಕಪ್ಪು ಕಿಟ್ಟ ಕೂರುತ್ತದೆ, ಬತ್ತಿ ಎಷ್ಟೇ ಚೆನ್ನಾಗಿದ್ದರೂ ಕಾಯಿಲ್ ಉಜ್ಜಿ ಹೊಸ ಹತ್ತಿ ಹಾಕಲೇಬೇಕು.