ತುಂಟತನವೋ ಎಡಿಎಚ್‌ಡಿಯೋ? ಮೊದಲು ಒಂದು ನೋಟ್‌ಬುಕ್ ತೆಗೆಯಿರಿ

ನಾಲ್ಕು ವರ್ಷದ ಮಗು ಚೌಕಾಬಾರದಲ್ಲಿ ಸರದಿ ಕಾಯದೆ ಕವಡೆ ಕಿತ್ತುಕೊಂಡರೆ ಅದು ವಯಸ್ಸಿನ ಆಟ. ಒಂಬತ್ತರ ಹುಡುಗ ದಿನಾ ಹಾಗೇ ಮಾಡಿ, ಆಮೇಲೆ ತಾನೇ ಸಪ್ಪಗಾಗಿ ‘ಗೊತ್ತಾಗಲ್ಲಮ್ಮ, ಕೈ ಹೋಗಿಬಿಡುತ್ತೆ’ ಅಂದರೆ ಸ್ವಲ್ಪ ಗಮನಿಸಬೇಕು. ಅದು ಎಡಿಎಚ್‌ಡಿ, ಅಂದರೆ ಗಮನ ನಿಲ್ಲದ ಅಥವಾ ಚಡಪಡಿಕೆ, ಆತುರ ವಯಸ್ಸಿಗೆ ಮೀರಿ ಇರುವ ತೊಂದರೆ ಇರಬಹುದು.

ಮೊದಲು, ಅದೇ ವಯಸ್ಸಿನ ನಾಲ್ಕಾರು ಮಕ್ಕಳ ಜತೆ ಹೋಲಿಸಿ. ಮನೆಯಲ್ಲಿರುವ ಜಾಣ ಅಕ್ಕನ ಜತೆ ಬೇಡ.

ಆಮೇಲೆ ಎರಡು ವಾರ ಬರೆದಿಡಿ. ‘ಹಟ ಮಾಡಿದ’ ಅಂತ ಬರೆದರೆ ಡಾಕ್ಟರಿಗೆ ಏನೂ ತಿಳಿಯುವುದಿಲ್ಲ. ಹೀಗೆ ಬರೆಯಿರಿ: ‘ಸೋಮವಾರ ಸಂಜೆ 7. ಹೋಮ್‌ವರ್ಕ್. ಹತ್ತು ನಿಮಿಷದಲ್ಲಿ ಐದು ಸಲ ಎದ್ದ. ಪ್ರಶ್ನೆ ಓದಿ ಮುಗಿಸುವ ಮೊದಲೇ ಉತ್ತರ ಕೂಗಿದ. ಹಿಂದಿನ ರಾತ್ರಿ ಮಲಗಿದ್ದು 11ಕ್ಕೆ.’ ಆ ಕೊನೆಯ ಸಾಲನ್ನು ಮರೆಯಬೇಡಿ. ನಿದ್ದೆಗೆಟ್ಟ ಮಗುವೂ ಹೀಗೇ ಕುಣಿಯುತ್ತದೆ.

ಇನ್ನು ಶಾಲೆ. ಟೀಚರನ್ನು ‘ತುಂಬಾ ಗಲಾಟೆ ಮಾಡ್ತಾನಾ’ ಅಂತ ಕೇಳಬೇಡಿ. ಸಾಲಿನಲ್ಲಿ ನಿಲ್ಲುತ್ತಾನಾ, ಬೇರೆಯವರ ಮಾತಿನ ನಡುವೆ ಬಾಯಿ ಹಾಕುತ್ತಾನಾ ಅಂತ ಕೇಳಿ. ಎಡಿಎಚ್‌ಡಿ ಮನೆ, ಶಾಲೆ ಎರಡೂ ಕಡೆ ಕಾಣಬೇಕು. ಶಾಲೆಯಲ್ಲಿ ಮಾತ್ರ ತೊಂದರೆ ಅಂದರೆ ಕಣ್ಣು, ಕಿವಿ, ಓದುವ ಕಷ್ಟ ಇವನ್ನು ಮೊದಲು ನೋಡಿಸಿ. ಅಂದಹಾಗೆ, ಕೊನೇ ಬೆಂಚಿನಲ್ಲಿ ಸುಮ್ನೆ ಕಿಟಕಿ ನೋಡುತ್ತ ಕೂರುವ ಹುಡುಗಿಗೂ ಇದು ಇರಬಹುದು. ಅವಳು ಯಾರಿಗೂ ಕಾಟ ಕೊಡಲ್ಲ, ಅದಕ್ಕೇ ಯಾರ ಕಣ್ಣಿಗೂ ಬೀಳಲ್ಲ.

ಎಡಿಎಚ್‌ಡಿ ಇದೆಯೋ ಇಲ್ಲವೋ ಹೇಳುವ ರಕ್ತಪರೀಕ್ಷೆಯಾಗಲಿ ಸ್ಕ್ಯಾನ್ ಆಗಲಿ ಇಲ್ಲ. ಡಾಕ್ಟರು ನೋಡುವುದು ಲಕ್ಷಣಗಳ ಎರಡು ಪಟ್ಟಿ. ಗಮನ ನಿಲ್ಲದಿರುವುದಕ್ಕೆ 9 ಲಕ್ಷಣಗಳು, ಚಡಪಡಿಕೆ ಮತ್ತು ಆತುರಕ್ಕೆ 9. ಒಂದು ಪಟ್ಟಿಯಲ್ಲಾದರೂ ಕನಿಷ್ಠ 6 ಲಕ್ಷಣ ವಯಸ್ಸಿಗೆ ಮೀರಿ, 6 ತಿಂಗಳಾದರೂ ಇರಬೇಕು. ಕೆಲವಾದರೂ 12 ವರ್ಷದೊಳಗೆ ಕಂಡಿರಬೇಕು. ಲೆಕ್ಕ ಹಾಕಿ ತೀರ್ಮಾನ ಹೇಳುವುದು ಡಾಕ್ಟರ ಕೆಲಸ, ನಮ್ಮದಲ್ಲ.

ಮೊದಲು ಮಕ್ಕಳ ಡಾಕ್ಟರ ಹತ್ತಿರ ಹೋಗಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಕ್ಕಳ ಮನೋವೈದ್ಯ ವಿಭಾಗವಿದೆ. ಉತ್ತರ ಕರ್ನಾಟಕದ ಕಡೆಯವರಿಗೆ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ಹತ್ತಿರ. ಎಲ್ಲಿಗೆ ಹೋಗಬೇಕೆಂದೇ ತಿಳಿಯದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ. ‘ಹೋದ ತಕ್ಷಣ ಮಾತ್ರೆ ಕೊಡ್ತಾರೆ’ ಅನ್ನುವ ಭಯ ಜಾಸ್ತಿ, ಅಲ್ವಾ? ಆರು ವರ್ಷದೊಳಗಿನ ಮಕ್ಕಳಿಗೆ ಮೊದಲ ಚಿಕಿತ್ಸೆ ಮಾತ್ರೆಯಲ್ಲ, ಅಪ್ಪ ಅಮ್ಮನಿಗೆ ಕೊಡುವ ತರಬೇತಿ.

ಹೋಗುವಾಗ ನೋಟ್‌ಬುಕ್ ಜತೆ ಹಳೇ ಮಾರ್ಕ್ಸ್ ಕಾರ್ಡುಗಳನ್ನೂ ಚೀಲಕ್ಕೆ ಹಾಕಿಕೊಳ್ಳಿ. ಯುಕೆಜಿ ಮಿಸ್ ಕೆಂಪು ಇಂಕಿನಲ್ಲಿ ‘ಒಂದು ಕಡೆ ಕೂರುವುದಿಲ್ಲ’ ಎಂದು ಬರೆದದ್ದನ್ನು ನೀವು ಮರೆತಿರಬಹುದು. ಡಾಕ್ಟರು ಹುಡುಕುವುದು ಅದನ್ನೇ.