ವಾಟರ್‌ಫಾಲ್‌ನಲ್ಲಿ ಸಿಗ್ನಲ್ ಇದೆ, ಫೈಲ್‌ನಲ್ಲಿ ಏನೂ ಇಲ್ಲ
ಹ್ಯಾಕ್‌ಆರ್‌ಎಫ್‌ನಿಂದ (ಕಂಪ್ಯೂಟರ್‌ಗೆ ಜೋಡಿಸಿ ರೇಡಿಯೋ ಸಿಗ್ನಲ್ ಕಳಿಸುವ ಸಾಧನ) ಕಳಿಸಿದ ಡೇಟಾ ಆರ್‌ಟಿಎಲ್-ಎಸ್‌ಡಿಆರ್ ಡಾಂಗಲ್‌ನ (ಯುಎಸ್‌ಬಿ ರೇಡಿಯೋ ರಿಸೀವರ್) ವಾಟರ್‌ಫಾಲ್‌ನಲ್ಲಿ, ಅಂದರೆ ಫ್ರೀಕ್ವೆನ್ಸಿಗಳು ಸಮಯದ ಜೊತೆ ಹರಿಯುವ ಚಿತ್ರದಲ್ಲಿ, ಚೆನ್ನಾಗಿ ಕಾಣುತ್ತಿತ್ತು. ಆದರೆ ಫೈಲ್‌ಗೆ ಒಂದು ಪ್ಯಾಕೆಟ್ ಕೂಡ ಬರಲಿಲ್ಲ. 434 ಮೆಗಾಹರ್ಟ್ಸ್, ಎಫ್‌ಎಸ್‌ಕೆ (0 ಮತ್ತು 1ಕ್ಕೆ ಬೇರೆ ಬೇರೆ ಫ್ರೀಕ್ವೆನ್ಸಿ), 9600 ಬಾಡ್ ವೇಗ, 5 ಕಿಲೋಹರ್ಟ್ಸ್ ಡೀವಿಯೇಶನ್ (ನಡುವಿನಿಂದ ಆಚೀಚೆ ಸರಿಯುವ ದೂರ), ಎರಡೂ ಕಡೆ ಗ್ನೂ ರೇಡಿಯೋ (ಬ್ಲಾಕ್‌ಗಳನ್ನು ಜೋಡಿಸಿ ರೇಡಿಯೋ ಕಟ್ಟುವ ಸಾಫ್ಟ್‌ವೇರ್). ಎರಡು ದಿನ ಸುಮ್ನೆ ಗೇನ್ (ಸಿಗ್ನಲ್ ವರ್ಧನೆ) ಏರಿಸಿ ಇಳಿಸಿ ನೋಡಿದೆ. ಏನೂ ಬದಲಾಗಲಿಲ್ಲ.

ಆಮೇಲೆ ರೇಡಿಯೋಗಳನ್ನು ಬದಿಗಿಟ್ಟು, ಕಳಿಸುವ ಬ್ಲಾಕ್‌ಗಳನ್ನು ಸಾಫ್ಟ್‌ವೇರ್‌ನಲ್ಲೇ ಪಡೆಯುವ ಬ್ಲಾಕ್‌ಗಳಿಗೆ ಜೋಡಿಸಿದೆ. ಮಧ್ಯೆ ಒಂದು ಥ್ರಾಟಲ್ ಬ್ಲಾಕ್ (ವೇಗಕ್ಕೆ ಮಿತಿ ಹಾಕುವುದು) ಇರಲಿ, ಹಾರ್ಡ್‌ವೇರ್ ಹಾಕಿದಾಗ ಮಾತ್ರ ಮರೆಯದೆ ತೆಗೆಯಿರಿ. ಎಲ್ಲ ಪ್ಯಾಕೆಟ್‌ಗಳೂ ಬಂದವು. ಅಂದರೆ ತೊಂದರೆ ರೇಡಿಯೋಗಳ ಮಧ್ಯೆಯೇ ಇದೆ ಅಲ್ವಾ?

ಆಂಟೆನಾ ಬಿಚ್ಚಿ ಕೇಬಲ್ ಹಾಕಿದೆ, ನಡುವೆ 30 ಡಿಬಿಯ ಎರಡು ಅಟೆನ್ಯುಯೇಟರ್ (ಸಿಗ್ನಲ್ ತಗ್ಗಿಸುವ ಭಾಗ). ಅವಿಲ್ಲದೆ ನೇರವಾಗಿ ಜೋಡಿಸಬೇಡಿ, ರಿಸೀವರ್ ಹಾಳಾಗಬಹುದು. ನಂತರ ಡೇಟಾ ನಿಲ್ಲಿಸಿ ಬರೀ ಕ್ಯಾರಿಯರ್ (ಒಂದೇ ಫ್ರೀಕ್ವೆನ್ಸಿಯ ಅಲೆ) ಕಳಿಸಿದೆ. ಪರದೆಯ ನಟ್ಟನಡುವೆ ಡಿಸಿ ಸ್ಪೈಕ್ (ರಿಸೀವರೇ ಹುಟ್ಟಿಸುವ ಸುಳ್ಳು ಗೆರೆ) ಇರುತ್ತದೆ, ಅದನ್ನೇ ಸಿಗ್ನಲ್ ಅಂದುಕೊಳ್ಳುವ ಅಪಾಯವಿದೆ, ಹಾಗಾಗಿ ರಿಸೀವರನ್ನು 200 ಕಿಲೋಹರ್ಟ್ಸ್ ಪಕ್ಕಕ್ಕೆ ಟ್ಯೂನ್ ಮಾಡಿ, ಪರದೆಯನ್ನು ಚೆನ್ನಾಗಿ ಹಿಗ್ಗಿಸಿ ನೋಡಿದೆ.

ಕ್ಯಾರಿಯರ್ ಇರಬೇಕಾದ ಜಾಗಕ್ಕಿಂತ 14 ಕಿಲೋಹರ್ಟ್ಸ್ ಮೇಲಿತ್ತು! ಈ ಫ್ರೀಕ್ವೆನ್ಸಿಯಲ್ಲಿ 1 ಪಿಪಿಎಂ (ಹತ್ತು ಲಕ್ಷದಲ್ಲಿ ಒಂದು ಭಾಗ) ಅಂದರೆ 434 ಹರ್ಟ್ಸ್, ಅಂದರೆ ಎರಡು ರೇಡಿಯೋಗಳ ಫ್ರೀಕ್ವೆನ್ಸಿ ನಿರ್ಧರಿಸುವ ಕ್ರಿಸ್ಟಲ್‌ಗಳ ನಡುವೆ ಸುಮಾರು 32 ಪಿಪಿಎಂ ವ್ಯತ್ಯಾಸ. 2.4 ಮೆಗಾಹರ್ಟ್ಸ್ ಅಗಲದ ವಾಟರ್‌ಫಾಲ್‌ನಲ್ಲಿ ಇದು ಕೂದಲೆಳೆಯಷ್ಟು, ಕಣ್ಣಿಗೆ ಬೀಳುವುದೇ ಇಲ್ಲ. ಆದರೆ ನನ್ನ ಲೋಪಾಸ್ ಫಿಲ್ಟರ್ (ಮೇಲಿನ ಫ್ರೀಕ್ವೆನ್ಸಿಗಳನ್ನು ತಡೆಯುವುದು) 10 ಕಿಲೋಹರ್ಟ್ಸ್‌ಗೆ ಕತ್ತರಿಸುತ್ತಿತ್ತು, ಸಿಗ್ನಲ್‌ನ ಜಾಸ್ತಿ ಭಾಗ ಅಲ್ಲೇ ಹೋಯಿತು. ಉಳಿದದ್ದು ಪೂರ್ತಿ ಸೊನ್ನೆಗಿಂತ ಮೇಲೆಯೇ ಇದ್ದದ್ದರಿಂದ ಸ್ಲೈಸರ್ (0 ಅಥವಾ 1 ಅಂತ ತೀರ್ಮಾನಿಸುವ ಬ್ಲಾಕ್) ಎಲ್ಲ ಬಿಟ್‌ಗಳನ್ನೂ 1 ಅಂತ ಓದಿತು. ವಾಟರ್‌ಫಾಲನ್ನು ನಾನು ಫಿಲ್ಟರ್‌ಗಿಂತ ಮೊದಲೇ ಜೋಡಿಸಿದ್ದೆ, ಅದಕ್ಕೇ ಎಲ್ಲ ಸರಿ ಅನ್ನಿಸುತ್ತಿತ್ತು. ಈಗ ಫಿಲ್ಟರ್ ಆದಮೇಲೂ ಒಂದು ಇಡುತ್ತೇನೆ.

ಫ್ರೀಕ್ವೆನ್ಸಿ ಸರಿಪಡಿಸಿದ ಕೂಡಲೇ ಪ್ಯಾಕೆಟ್‌ಗಳು ಬಂದವು. ಡಾಂಗಲ್ ಬಿಸಿಯಾಗುತ್ತಾ ಫ್ರೀಕ್ವೆನ್ಸಿ ಜರುಗುತ್ತದೆ, ಆದ್ದರಿಂದ ಕಾಲು ಗಂಟೆ ಓಡಿಸಿ ಆಮೇಲೆ ಅಳೆಯಿರಿ.

ಆದರೂ ಪ್ರತಿ ಸಲ ಕೊನೆಯ ಪ್ಯಾಕೆಟ್ ಬರುತ್ತಿರಲಿಲ್ಲ. ಅದರ ಸ್ಯಾಂಪಲ್‌ಗಳು (ಸಿಗ್ನಲ್‌ನ ಅಂಕಿಗಳು) ಬಫರ್ ತುಂಬಲಿ ಅಂತ ಕಳಿಸುವ ಕಡೆಯೇ ಕಾಯುತ್ತಾ ಕೂತಿದ್ದವು. ಕೊನೆಯಲ್ಲಿ ಒಂದಷ್ಟು ಸೊನ್ನೆಗಳನ್ನು ತಳ್ಳಿದೆ, ಅದೂ ಹೊರಗೆ ಬಂತು. ಮಧ್ಯೆ ಮಧ್ಯೆ ಟರ್ಮಿನಲ್‌ನಲ್ಲಿ 'ಯು' ಅಕ್ಷರ ಬೀಳುತ್ತಿತ್ತು, ಅಂದರೆ ಕಂಪ್ಯೂಟರ್ ಸಮಯಕ್ಕೆ ಸ್ಯಾಂಪಲ್ ಕೊಡುತ್ತಿಲ್ಲ. ಯುಎಸ್‌ಬಿ ಹಬ್ ತೆಗೆದು ನೇರ ಪೋರ್ಟ್‌ಗೆ ಚುಚ್ಚಿದಾಗ ಅದೂ ನಿಂತಿತು.