ಹೆಸರು ಹೇಳಿದರೆ ಸಾಲದು: ಮನವೊಲಿಸುವ ಮಾತನ್ನು ಬಿಡಿಸಿ ಓದಿಸುವ ಬಗೆ

"ಇಲ್ಲಿ ಭಾಷಣಕಾರರು ಭಾವನೆಯನ್ನು ಬಳಸಿದ್ದಾರೆ." ಪ್ರೌಢಶಾಲೆಯ ಉತ್ತರಪತ್ರಿಕೆಗಳಲ್ಲಿ ನನಗೆ ಹೆಚ್ಚು ಸಿಗುವ ವಾಕ್ಯ ಇದೇ. ಯಾವ ಭಾವನೆ, ಯಾರಲ್ಲಿ, ಯಾತಕ್ಕೆ ಎಂಬುದು ಇರುವುದಿಲ್ಲ. ತಪ್ಪು ಮಕ್ಕಳದ್ದಲ್ಲ. ಅರಿಸ್ಟಾಟಲನ ಎಥೋಸ್ (ಮಾತಾಡುವವನ ಮೇಲಿನ ನಂಬಿಕೆ), ಪೇಥೋಸ್ (ಕೇಳುಗರ ಭಾವನೆ), ಲೋಗೋಸ್ (ತರ್ಕ) ಎಂಬ ಮನವೊಲಿಕೆಯ ಮೂರು ದಾರಿಗಳನ್ನು ಮೊದಲ ದಿನವೇ ಬೋರ್ಡಿಗೆ ಏರಿಸಿದರೆ ಅವರು ಓದುವುದನ್ನು ಬಿಟ್ಟು ಚೀಟಿ ಅಂಟಿಸಲು ಕೂರುತ್ತಾರೆ. ನಾನು ಆ ಹೆಸರುಗಳನ್ನು ಮೂರನೇ ವಾರದವರೆಗೆ ಎತ್ತುವುದೇ ಇಲ್ಲ.

ಆರಂಭಕ್ಕೆ 300 ಪದ ಮೀರದ ಪಠ್ಯ ಬೇಕು. ಅಮೆರಿಕದ ಅಂತರ್ಯುದ್ಧದ ನಡುವೆ, 1863ರಲ್ಲಿ, ಅಧ್ಯಕ್ಷ ಲಿಂಕನ್ ಗೆಟಿಸ್‌ಬರ್ಗ್ ರಣಭೂಮಿಯಲ್ಲಿ ಮಡಿದ ಸೈನಿಕರ ಸ್ಮಶಾನವನ್ನು ಮುಡಿಪಾಗಿಡುವ ಸಮಾರಂಭದಲ್ಲಿ ಮಾಡಿದ ಭಾಷಣ ಸುಮಾರು 270 ಪದದ್ದು. ಒಂದೇ ಪೀರಿಯಡ್‌ನಲ್ಲಿ ಮುಗಿಯುತ್ತದೆ. ಮೊದಲ ಓದು ಗಟ್ಟಿಯಾಗಿ, ಪೆನ್ಸಿಲ್ ಮುಟ್ಟದೆ. ಎರಡನೆಯದಕ್ಕೆ ಪುಟದ ನಡುವೆ ಗೆರೆ ಎಳೆದು ಎಡಕ್ಕೆ 'ಏನು ಹೇಳುತ್ತದೆ', ಬಲಕ್ಕೆ 'ಏನು ಮಾಡುತ್ತದೆ' ಎಂದು ಬರೆಸುತ್ತೇನೆ. ಇಬ್ಬಿಬ್ಬರಾಗಿ, 15 ನಿಮಿಷ, ವಾಕ್ಯಕ್ಕೊಂದು ಸಾಲು.

ಎಡಭಾಗ ಸಲೀಸು. ಬಲಭಾಗದಲ್ಲಿ ಎಡದ್ದನ್ನೇ ಬೇರೆ ಮಾತಿನಲ್ಲಿ ಬರೆದುಬಿಡುತ್ತಾರೆ. ಅದಕ್ಕೆ ಒಂದು ಕಟ್ಟು ಹಾಕಿದ್ದೇನೆ: ಬಲಭಾಗದ ಸಾಲು ಕೊಟ್ಟ ಕ್ರಿಯಾಪದಗಳಲ್ಲೊಂದರಲ್ಲಿ ಮುಗಿಯಬೇಕು. ಒಪ್ಪಿಕೊಳ್ಳುತ್ತಾನೆ, ಹೆದರಿಸುತ್ತಾನೆ, ಹೊಣೆ ಹೊರಿಸುತ್ತಾನೆ, ಗಮನ ಬೇರೆಡೆ ತಿರುಗಿಸುತ್ತಾನೆ, ಎದುರಾಳಿಯನ್ನು ಕುಗ್ಗಿಸುತ್ತಾನೆ, ಹೀಗೆ ಹತ್ತು ಸಾಕು. 'ವಿವರಿಸುತ್ತಾನೆ', 'ತಿಳಿಸುತ್ತಾನೆ' ಎರಡಕ್ಕೂ ನಿಷೇಧ.

ಮೊದಲ ವಾಕ್ಯವನ್ನೇ ನೋಡಿ. 87 ವರ್ಷಗಳ ಹಿಂದೆ ನಮ್ಮ ಹಿರಿಯರು ಹೊಸ ರಾಷ್ಟ್ರ ಕಟ್ಟಿದರು ಎನ್ನುತ್ತಾನೆ. 1863ರಿಂದ 87 ಕಳೆಯಲು ಮಕ್ಕಳಿಗೇ ಹೇಳಬೇಕು: 1776, ಸ್ವಾತಂತ್ರ್ಯ ಘೋಷಣೆಯ ವರ್ಷ. ಗುಲಾಮಗಿರಿಗೆ ಜಾಗ ಬಿಟ್ಟಿದ್ದ ಸಂವಿಧಾನ ರಚನೆಯಾದದ್ದು 1787ರಲ್ಲಿ. ಎಲ್ಲರೂ ಸಮಾನರೆಂದ ಕಾಗದವನ್ನು ರಾಷ್ಟ್ರದ ಹುಟ್ಟು ಎಂದು ಆರಿಸಿಕೊಳ್ಳುವುದರಲ್ಲೇ ಅರ್ಧ ವಾದ ಮುಗಿದಿದೆ. ಆದರೆ ಅದು ವಾದದಂತೆ ಕೇಳಿಸುವುದಿಲ್ಲ, ಬರೀ ಲೆಕ್ಕದಂತೆ ಕೇಳಿಸುತ್ತದೆ.

ಮೂರನೇ ಓದು ಬದಲಿಸಿ ನೋಡುವ ಪರೀಕ್ಷೆ. ಈ ನೆಲವನ್ನು ನಾವು ಮುಡಿಪಾಗಿಡಲಾರೆವು ಎಂಬ ಮಾತನ್ನು 'ಇಂದು ಮುಡಿಪಾಗಿಡುತ್ತಿದ್ದೇವೆ' ಎಂದು ತಿದ್ದಿಸಿ, ಮುಂದಿನ ಯಾವ ವಾಕ್ಯ ಕುಸಿಯುತ್ತದೆಂದು ಕೇಳುತ್ತೇನೆ. ನೆಲವನ್ನು ಮುಡಿಪಾಗಿಟ್ಟು ಆಯಿತೆಂದರೆ ಬಂದವರು ಮನೆಗೆ ಹೋಗಬಹುದು. ಆಗುವುದಿಲ್ಲ ಎಂದದ್ದರಿಂದಲೇ, ಮುಡಿಪಾಗಬೇಕಾದವರು ಬದುಕಿರುವ ನಾವು ಎಂಬ ಮುಂದಿನ ಮಾತಿಗೆ ನೆಲೆ ಸಿಗುತ್ತದೆ. ಇಂಗ್ಲಿಷ್ ಮೂಲದಲ್ಲಿ ಈ ಪದ (dedicate) ಆರು ಸಲ ಬರುತ್ತದೆ. ಕನ್ನಡದಲ್ಲಿ ಓದಿಸುವಾಗ ಅನುವಾದ ನೋಡಿ ಆರಿಸಿಕೊಳ್ಳಿ: ಒಂದು ಕಡೆ 'ಅರ್ಪಣೆ', ಇನ್ನೊಂದು ಕಡೆ 'ಬದ್ಧ' ಎಂದಿದ್ದರೆ ಆ ತಿರುವು ಮಕ್ಕಳ ಕಣ್ಣಿಗೆ ಬೀಳುವುದೇ ಇಲ್ಲ. 'ಮುಡಿಪು' ಆರೂ ಕಡೆ ನಿಲ್ಲುತ್ತದೆ.

ವಾದಕ್ಕೆ ಬೇರೆ ಪಾಠ. ಬ್ರಿಟಿಷ್ ತತ್ತ್ವಶಾಸ್ತ್ರಜ್ಞ ಸ್ಟೀಫನ್ ಟೂಲ್ಮಿನ್ 1958ರಲ್ಲಿ ವಾದವನ್ನು ಆರು ಭಾಗವಾಗಿ ಬಿಡಿಸಿ ತೋರಿಸಿದ. ಈ ವಯಸ್ಸಿಗೆ ಮೂರು ಸಾಕು: ನಿಲುವು, ಪುರಾವೆ, ಎರಡನ್ನೂ ಬೆಸೆಯುವ ಹೇಳದ ನಂಬಿಕೆ. 'ಮೊಬೈಲ್ ಗಮನ ಕೆಡಿಸುತ್ತದೆ, ಆದ್ದರಿಂದ ಶಾಲೆಗೆ ತರಬಾರದು.' ಹೇಳದೆ ಬಿಟ್ಟದ್ದು: ಗಮನ ಕೆಡಿಸುವುದೆಲ್ಲ ಶಾಲೆಯ ಹೊರಗಿರಬೇಕು. ಅದನ್ನು ಪೂರ್ತಿ ವಾಕ್ಯವಾಗಿ ಬರೆಸಿದ ಕೂಡಲೇ ಯಾರಾದರೂ 'ಹಾಗಾದರೆ ಕಿಟಕಿ?' ಎನ್ನುತ್ತಾರೆ. ಅಲ್ಲಿಂದ ಪಾಠ ತಾನಾಗಿ ನಡೆಯುತ್ತದೆ.

ತರ್ಕದೋಷಗಳ ಪಟ್ಟಿ ಕೊನೆಗಿರಲಿ. ಮೊದಲೇ ಕೊಟ್ಟರೆ ತಮಗಾಗದವರ ಮಾತಿನಲ್ಲಿ ಮಾತ್ರ ದೋಷ ಹುಡುಕುತ್ತಾರೆ. ಪಟ್ಟಿ ಕೊಟ್ಟ ದಿನ, ತಾವು ಒಪ್ಪುವ ಲೇಖನದಲ್ಲೇ ಎರಡು ದೋಷ ಗುರುತಿಸುವುದು ಮನೆಗೆಲಸ.

ಹತ್ತು ಅಂಕದಲ್ಲಿ ತಂತ್ರದ ಹೆಸರಿಗೆ ಎರಡು, ಪಠ್ಯದ ಪದಗಳನ್ನೇ ಎತ್ತಿ ತೋರಿಸಿದ್ದಕ್ಕೆ ಮೂರು, ಆ ಪದ ಕೇಳುಗನ ಮೇಲೆ ಮಾಡುವ ಕೆಲಸಕ್ಕೆ ಐದು. 'ಓದುಗರ ಗಮನ ಸೆಳೆಯುತ್ತದೆ' ಎಂಬುದಕ್ಕೆ ಸೊನ್ನೆ ಹಾಕಿ, ಪಕ್ಕದಲ್ಲಿ 'ಯಾವ ಓದುಗರು? ಯಾವುದರಿಂದ ಯಾವುದರ ಕಡೆಗೆ?' ಎಂದು ಬರೆದು ಪತ್ರಿಕೆ ವಾಪಸ್ ಕೊಡುತ್ತೇನೆ.